ಹುಂಜ ಸಿಕ್ಕಿತು, ಹಾನ್ ತಪ್ಪಿಹೋದ

ನಾನು ಕರಡು ತಿದ್ದುವವಳು. ಪುಸ್ತಕದ ಕೊನೆಯಲ್ಲಿ ಬರುವ ಹೆಸರುಗಳ ಸೂಚಿ ಮಾಡುವುದೂ ನನ್ನದೇ ಕೆಲಸ. ಕೆಲವು ವರ್ಷಗಳ ಹಿಂದೆ ವಿಜ್ಞಾನದ ಇತಿಹಾಸದ ಪುಸ್ತಕವೊಂದು ಕೈಗೆ ಬಂತು. ಬರೆದವರು ನಿವೃತ್ತ ಮೇಷ್ಟ್ರು. ಎಲ್ಲ ಚೆನ್ನಾಗಿತ್ತು. ಒಂದು ಅಧ್ಯಾಯಕ್ಕೆ ಮಾತ್ರ ಜರ್ಮನ್ ಲೇಖನದ ತುಣುಕನ್ನು ಕಂಪ್ಯೂಟರಿನಲ್ಲೇ ಅನುವಾದ ಮಾಡಿಸಿ ಸೇರಿಸಿದ್ದರು. ಅಲ್ಲೊಂದು ಸಾಲು: "ಬರ್ಲಿನ್ನಿನಲ್ಲಿ ಹುಂಜ ಮತ್ತು ಸ್ಟ್ರಾಸ್‌ಮನ್ ಯುರೇನಿಯಂ ಮೇಲೆ ನ್ಯೂಟ್ರಾನ್ ಹಾಯಿಸಿದರು."

ಆಫೀಸಿಗೆ ಆಫೀಸೇ ನಕ್ಕಿತು. ಅಲ್ಲಿ ಇರಬೇಕಾದದ್ದು ಒಟ್ಟೊ ಹಾನ್ ಅನ್ನುವ ವಿಜ್ಞಾನಿಯ ಹೆಸರು. ಜರ್ಮನ್ ಭಾಷೆಯಲ್ಲಿ ಹಾನ್ ಅಂದರೆ ಹುಂಜ. ನೀರಿನ ನಲ್ಲಿಗೂ ಅದೇ ಪದ. ನಾವು ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಒಂದು ಬಿಬ್ ಕಾಕ್ ಕೊಡಿ" ಅನ್ನುವಾಗಲೂ ಬಾಯಲ್ಲಿ ಇಂಗ್ಲಿಷ್ ಹುಂಜವೇ ಇರುತ್ತದೆ, ಅಲ್ವಾ? ಆದರೆ ಮನೆತನದ ಹೆಸರನ್ನು ಯಾರಾದರೂ ಅನುವಾದ ಮಾಡುತ್ತಾರಾ? ಉತ್ತರ ಕರ್ನಾಟಕದ ಉಳ್ಳಾಗಡ್ಡಿಯವರನ್ನು ಮೈಸೂರಿನಲ್ಲಿ ಈರುಳ್ಳಿಯವರು ಅಂತ ಕರೆದ ಹಾಗಾಯಿತು.

ಹುಂಜವನ್ನು ಹೊಡೆದುಹಾಕಿ ಹಾನ್ ಅಂತ ಬರೆದೆ. ಕುತೂಹಲಕ್ಕೆ ಆ ಹೆಸರು ಎಲ್ಲಿಂದ ಬಂತು ಅಂತಲೂ ನೋಡಿದೆ. ಜಂಬದವನಿಗೋ ಜಗಳಗಂಟನಿಗೋ ಅಂಟಿದ ಅಡ್ಡಹೆಸರು ಇರಬಹುದು. ಹಳೆಯ ಜರ್ಮನ್ ಊರುಗಳಲ್ಲಿ ಮನೆಗೆ ನಂಬರ್ ಇರಲಿಲ್ಲ, ಬಾಗಿಲ ಮೇಲೆ ಚಿತ್ರ ಇರುತ್ತಿತ್ತು. ಹುಂಜದ ಚಿತ್ರವಿದ್ದ ಮನೆಯವರು ಹಾನ್ ಆದರು. ಇನ್ನು ಕೆಲವು ಮನೆತನಗಳಲ್ಲಿ ಹಕ್ಕಿಯ ಸುದ್ದಿಯೇ ಇಲ್ಲ, ಯೊಹಾನೆಸ್ ಅನ್ನುವ ಹೆಸರು ಸವೆದು ಹಾನ್ ಆಗಿದೆ. ಅಂದರೆ ಹಾನ್‌ಗಳೆಲ್ಲ ಒಂದೇ ಗೂಡಿನವರಲ್ಲ. ಇಷ್ಟು ತಿಳಿದ ಮೇಲೂ ನಾನು ಮಾಡಿದ್ದೇನು ಕೇಳಿ.

ಸೂಚಿ ಮಾಡುವಾಗ ಹ ಬರುವುದು ಹೆಚ್ಚುಕಡಿಮೆ ಕೊನೆಗೆ. ಸಂಜೆ ಆರು ಗಂಟೆ, ಬಸ್ಸಿನ ಹೊತ್ತು. ಮೇಷ್ಟ್ರಿಗೆ ಬರೀ ಹಾನ್ ಅಂತ ಬರೆಯುವ ಅಭ್ಯಾಸ. ಲೆಕ್ಕ ಮಾಡುವ ಯಂತ್ರ ಕಟ್ಟಿದ ಪಾದ್ರಿ ಹಾನ್‌ನನ್ನು ಬೇರೆ ಇಟ್ಟೆ. ಆತ 1790ರಲ್ಲೇ ಸತ್ತಿದ್ದ, ಗೊಂದಲವಿರಲಿಲ್ಲ. ಉಳಿದ ಪುಟಗಳನ್ನೆಲ್ಲ ಒಂದೇ ಸಾಲಿಗೆ ಹಾಕಿದೆ: "ಹಾನ್, ಒಟ್ಟೊ: 61, 64, 118, 152." ಕೊನೆಯದರ ಬಗ್ಗೆ ಸಣ್ಣ ಅನುಮಾನ ಬಂದಿತ್ತು. ಅದು 1950ರ ಸಂಶೋಧನೆ. ಒಟ್ಟೊ ಹಾನ್ ಬದುಕಿದ್ದರಾ? ನೋಡಿದೆ, 1968ರವರೆಗೂ ಇದ್ದರು. ಸರಿಹೋಯಿತು ಅಂದುಕೊಂಡು ಬ್ಯಾಗ್ ತಗೊಂಡು ಹೊರಟೆ. ಬದುಕಿದ್ದಾರೆ ಅಂದರೆ ಅವರೇ ಮಾಡಿರಬೇಕು, ಇದು ನನ್ನ ತರ್ಕ!

ಪುಸ್ತಕ ಅಚ್ಚಾಗಿ ಬಂದ ಎರಡನೇ ದಿನ ಮೇಷ್ಟ್ರ ಫೋನು.

"ಏನಮ್ಮಾ, ಒಟ್ಟೊ ಹಾನ್‌ಗೆ ಒಂದು ನೊಬೆಲ್ ಸಾಲದು ಅಂತ ಎಂಆರ್‌ಐ ಕೂಡ ಕೊಟ್ಟುಬಿಟ್ಯಾ?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. 61, 64 ಸರಿ. 1938ರ ಡಿಸೆಂಬರಿನಲ್ಲಿ ಯುರೇನಿಯಂನಿಂದ ಬೇರಿಯಂ ಬಂದದ್ದನ್ನು ಕಂಡ ಒಟ್ಟೊ ಹಾನ್ ಅಲ್ಲಿರುವುದು. ಪರಮಾಣುವಿನ ನಡುವಿನ ಬೀಜವೇ ಒಡೆದಿದೆ ಅಂತ ವಿವರಿಸಿದ್ದು ಭೌತವಿಜ್ಞಾನಿ ಲೀಸ್ ಮೈಟ್ನರ್ ಮತ್ತು ಅವರ ಅಕ್ಕನ ಮಗ ಒಟ್ಟೊ ಫ್ರಿಷ್. ನೊಬೆಲ್ ಮಾತ್ರ ಹಾನ್ ಒಬ್ಬರಿಗೇ ಹೋಯಿತು. ಇದನ್ನು ಹೇಳುವಾಗ ಮೇಷ್ಟ್ರ ದನಿ ಸ್ವಲ್ಪ ಏರಿತು. 118ರಲ್ಲಿರುವುದು ಹಾನ್–ಬನಾಖ್ ಪ್ರಮೇಯ. ಅದು ವಿಯೆನ್ನಾದ ಗಣಿತಜ್ಞ ಹನ್ಸ್ ಹಾನ್ ಅವರದು, ಹೆಸರಾಂತ ತರ್ಕಶಾಸ್ತ್ರಜ್ಞ ಕುರ್ಟ್ ಗೋಡೆಲ್‌ಗೆ ಗುರುವಾಗಿದ್ದವರು.

152ರದ್ದು ಅಮೆರಿಕದ ಎರ್ವಿನ್ ಹಾನ್. ಕಾಂತಕ್ಷೇತ್ರದಲ್ಲಿಟ್ಟ ವಸ್ತುವಿಗೆ ಒಂದು ರೇಡಿಯೊ ಪಲ್ಸ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೊಟ್ಟರೆ, ಮತ್ತೆ ಅಷ್ಟೇ ಹೊತ್ತಿಗೆ ಆ ವಸ್ತುವಿನಿಂದ ತಾನಾಗಿ ಒಂದು ಸಿಗ್ನಲ್ ಮರಳಿ ಬರುತ್ತದೆ, ಬಾವಿಗೆ ಕೂಗಿದ ಹಾಗೆ. ಸ್ಪಿನ್ ಎಕೋ ಅಂತ ಹೆಸರು. ಇವತ್ತಿನ ಎಂಆರ್‌ಐ ಸ್ಕ್ಯಾನಿನಲ್ಲಿ ಅದನ್ನೇ ಬಳಸುತ್ತಾರೆ.

ಹುಂಜವನ್ನು ಹಿಡಿದ ಖುಷಿಯಲ್ಲಿ ನಾನು ಮೈಮರೆತಿದ್ದೆ. ಆ ತಪ್ಪು ತಾನೇ ಕೂಗಿ ಕರೆದಿತ್ತು, ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಈ ತಪ್ಪಿಗೆ ಕಾಗುಣಿತ ಸರಿ, ಅಕಾರಾದಿ ಸರಿ, ಪುಟದ ನಂಬರೂ ಸರಿ.

ತಪ್ಪು ತಿದ್ದುವ ಒಪ್ಪೋಲೆ ಅಚ್ಚು ಹಾಕಿಸಿದೆವು, ಅಂಗೈ ಅಗಲದ ಹಳದಿ ಚೀಟಿ. ಗೋಡೌನಿನಲ್ಲಿ ಕೂತು ಒಂದೊಂದೇ ಪ್ರತಿ ಬಿಡಿಸಿ ಸೂಚಿಯ ಪುಟಕ್ಕೆ ನಾನೇ ಅಂಟಿಸಿದೆ. ಮೈದಾ ಗೋಂದು ಉಗುರಿನ ಸಂದಿಯಿಂದ ಎರಡು ದಿನ ಹೋಗಲಿಲ್ಲ. ಮೇಷ್ಟ್ರು ಮತ್ತೆ ಆ ಮಾತು ಎತ್ತಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಈಗ ಪ್ರತಿ ಹೆಸರಿಗೂ ಒಂದು ಕಾರ್ಡ್ ಮಾಡುತ್ತೇನೆ. ಮೊದಲು ಹುಟ್ಟಿದ ವರ್ಷ ಒಂದಿದ್ದರೆ ಸಾಕು ಅಂದುಕೊಂಡಿದ್ದೆ. ಹಾನ್‌ಗಳಿಂದಲೇ ಶುರು ಮಾಡಿದೆ. ಎರ್ವಿನ್, 1921. ಒಟ್ಟೊ, 1879. ಹನ್ಸ್, 1879. ಪೆನ್ನು ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತೆ. ಆಮೇಲೆ ಇಬ್ಬರ ಕಾರ್ಡಿನಲ್ಲೂ ಊರು ಬರೆದೆ: ಫ್ರಾಂಕ್‌ಫರ್ಟ್, ವಿಯೆನ್ನಾ.