ಸ್ಪ್ರಿಂಗ್ ಕತ್ತರಿಸಿದರೆ ಕಾರು ತಗ್ಗುತ್ತಲ್ಲ, ಮತ್ತೇಕೆ ಇಷ್ಟೆಲ್ಲ?

ನನ್ನ ಹಳೆಯ ಮಾರುತಿ 800 ನೋಡಿದವರೆಲ್ಲ ಕೇಳುವುದು ಇದನ್ನೇ. "ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿಸಿದ್ರೆ ಗಾಡಿ ತಾನೇ ಕೂತ್ಕೊಳ್ಳುತ್ತೆ. ನೀವ್ಯಾಕೆ ಇಷ್ಟು ದಿನ ತಗಡು ಬಡೀತಾ ಇದ್ದೀರಿ?"

ಕೂತ್ಕೊಳ್ಳುತ್ತೆ, ನಿಜ. ಆದರೆ ಓಡುವ ಗುಣ ಕೆಡುತ್ತದೆ. ಸ್ಪ್ರಿಂಗಿನಲ್ಲಿ ಕೆಲಸ ಮಾಡುವ ಸುತ್ತು ಕಡಿಮೆಯಾದಷ್ಟೂ ಅದರ ಬಿಗಿ ಹೆಚ್ಚುತ್ತದೆ. ಐದು ಸುತ್ತಿನಲ್ಲಿ ಒಂದನ್ನು ತೆಗೆದರೆ ಬಿಗಿ ಕಾಲುಪಾಲು ಏರಿತು. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯ ಸ್ಪ್ರಿಂಗಿನ ಲೆಕ್ಕಕ್ಕೆ ಮಾಡಿದ್ದು. ಹೊಸ ಪುಟಿತವನ್ನು ಹಿಡಿದು ನಿಲ್ಲಿಸಲು ಅದಕ್ಕಾಗದು. ಹಂಪ್ ದಾಟಿದ ಮೇಲೂ ಗಾಡಿ ಕುಣಿಯುತ್ತಿರುತ್ತದೆ. ಚಕ್ರ ಮೇಲೇಳಲು ಇದ್ದ ಜಾಗವೂ ಕಿರಿದಾಗಿರುವುದರಿಂದ ಸಸ್ಪೆನ್ಷನ್ ಬೇಗ ಬಂಪ್ ಸ್ಟಾಪ್‌ಗೆ, ಅಂದರೆ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ, ಬಡಿಯುತ್ತದೆ. ನನಗೆ ಹೆಚ್ಚು ಭಯ ಇನ್ನೊಂದರದು: ಚಕ್ರ ಆಳದ ಗುಂಡಿಗೆ ಇಳಿದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ತಾನು ಕೂರುವ ತಟ್ಟೆಯಿಂದ ಜಾರಬಹುದು. ಗ್ಯಾಸ್ ಕಟ್ಟರ್‌ನಲ್ಲಿ ಕತ್ತರಿಸಿದ್ದಾದರೆ ಉಕ್ಕಿನ ಹದವೂ ಹೋಗಿರುತ್ತದೆ.

ತಗ್ಗಿದ ಗಾಡಿ ತಿರುವಿನಲ್ಲಿ ವಾಲುವುದಿಲ್ಲ ಎಂಬ ನಂಬಿಕೆಯಿದೆ. 800ರ ಮುಂಭಾಗದಲ್ಲಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬದಲ್ಲಿ ಸೇರಿರುವ ಜೋಡಣೆ. ಇಂಥ ಕಾರನ್ನು ಅತಿಯಾಗಿ ಇಳಿಸಿದರೆ ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್‌ನ ಹೊರತುದಿ ಮೇಲೆದ್ದು, ರೋಲ್ ಸೆಂಟರ್ (ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿನ ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಆ ಎರಡರ ನಡುವಿನ ಅಂತರ ಹೆಚ್ಚಿ, ವಾಲಿಸುವ ಬಲಕ್ಕೆ ಸಿಗುವ ಸನ್ನೆ ಇನ್ನೂ ಉದ್ದವಾಗುತ್ತದೆ.

ಇನ್ನು ತಗಡು. ನನ್ನ ಉತ್ತರದ ಮುಖ್ಯ ಭಾಗ ಇದೇ. 800ಕ್ಕೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಸ್ಟ್ರಟ್‌ನ ತಲೆಯನ್ನು ಬೋಲ್ಟ್ ಹಾಕಿ ಬಿಗಿಯುವುದು ಬಾನೆಟ್ ಒಳಗಿನ ತಗಡಿನ ಟವರಿಗೆ. ಆ ತಗಡು ತುಕ್ಕು ಹಿಡಿದು ಮೆತ್ತಗಾಗಿದ್ದರೆ ಎಷ್ಟೇ ದುಬಾರಿ ಸ್ಪ್ರಿಂಗ್ ಹಾಕಿದರೂ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿ ನಿಲ್ಲುವ ಕೋನ) ನಿಲ್ಲದು, ಅಲೈನ್‌ಮೆಂಟ್ ಮಾಡಿಸಿದ್ದೂ ದಂಡ. ಹಾಗಾಗಿ ನಾನು ಶುರುಮಾಡಿದ್ದು ಟಿಂಕರಿಂಗ್‌ನಿಂದ. ಎರಡು ತಗಡು ಸೇರುವ ಕಡೆ, ಬ್ಯಾಟರಿ ತಟ್ಟೆಯ ಕೆಳಗೆ, ಕಾರ್ಪೆಟ್ ಅಡಿಯಲ್ಲಿ, ರನ್ನಿಂಗ್ ಬೋರ್ಡ್ ಒಳಗೆ, ಬಾಗಿಲ ಬುಡದಲ್ಲಿ ನೀರು ನಿಲ್ಲುತ್ತದೆ. ಉಪ್ಪುಗಾಳಿಯಲ್ಲಿ ಇದ್ದ ಕರಾವಳಿಯ ಗಾಡಿಯಾದರೆ ಇಷ್ಟನ್ನೂ ಬಿಚ್ಚಿ ನೋಡಲೇಬೇಕು. ತೂತಿನ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಪುಟ್ಟಿ ನೀರು ಕುಡಿದು ಒಳಗಿನಿಂದ ಮತ್ತೆ ತಿನ್ನುತ್ತದೆ. ಕೊಳೆತದ್ದನ್ನು ಕತ್ತರಿಸಿ ತೆಗೆದು ಹೊಸ ತಗಡು ಕೂರಿಸಬೇಕು. ಈ ತಗಡು ಒಂದು ಮಿಲಿಮೀಟರಿಗಿಂತ ತೆಳು. ಗ್ಯಾಸ್ ವೆಲ್ಡಿಂಗ್ ಕಾವಿಗೆ ಸೊಟ್ಟಗಾಗುತ್ತದೆ. ಸಿಓಟು ವೆಲ್ಡಿಂಗ್‌ನಲ್ಲಿ ದೂರದೂರಕ್ಕೆ ಚುಕ್ಕಿಯಿಟ್ಟು, ಆರಲು ಬಿಟ್ಟು, ನಡುವೆ ತುಂಬುತ್ತ ಹೋಗಬೇಕು. ಈ ನಿಧಾನವೇ ನನಗೆ ಪ್ರಿಯ.

ದೊಡ್ಡ ಚಕ್ರದ ಆಸೆಯೂ ಕೊನೆಗೆ ತಗಡಿಗೇ ಬಂದು ನಿಲ್ಲುತ್ತದೆ. 145/70 ಆರ್ 12 ಟೈರಿನ ವ್ಯಾಸ ಸುಮಾರು 508 ಮಿ.ಮೀ., 155/65 ಆರ್ 13ರದ್ದು 532. ಮೊದಲಿನದರ ಬದಲು ಎರಡನೆಯದು ಹಾಕಿದರೆ ಮೀಟರ್ 80 ತೋರಿಸುವಾಗ ನಿಜವಾಗಿ ಸುಮಾರು 84ರ ವೇಗ. ಟೈರ್ ಉಜ್ಜುತ್ತದೆಂದು ಫೆಂಡರ್ ಅಂಚನ್ನು ಸುತ್ತಿಗೆಯಲ್ಲಿ ಮಡಿಸುತ್ತಾರೆ, ಪೇಂಟ್ ಬಿರಿಯುತ್ತದೆ, ಮುಂದಿನ ಮಳೆಗಾಲಕ್ಕೆ ಅಲ್ಲೇ ತುಕ್ಕು.

ಕಾನೂನನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಾದರೂ ಆರ್‌ಸಿಯಲ್ಲಿ ನಮೂದಾಗಬೇಕು. ನನ್ನ ಗಾಡಿಯ ಎತ್ತರ ಮೊದಲಿನದೇ. ಸ್ಪ್ರಿಂಗ್, ಶಾಕ್, ಬುಷ್‌ಗಳನ್ನು ಒಟ್ಟಿಗೇ ಹೊಸದು ಹಾಕಿದ್ದೇನೆ. ಓಡಿಸಿ ನೋಡಿದವರು ಆಮೇಲೆ ತಗ್ಗಿಸುವ ಮಾತು ಎತ್ತಿಲ್ಲ.

ನೀವೂ ಹಳೆಯ ಕಾರು ಹಿಡಿದಿದ್ದರೆ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಸ್ಪ್ರಿಂಗ್ ಹುಡುಕಿಕೊಂಡು ಹೋಗುವ ಮುಂಚೆ ಒಂದು ಅಯಸ್ಕಾಂತ ತಗೊಂಡು ಬಾಡಿ ಸುತ್ತ ಆಡಿಸಿ. ಅಂಟದ ಕಡೆ ಒಳಗೆ ದಪ್ಪ ಪುಟ್ಟಿ ಇದೆ. ಕೆಲಸ ಅಲ್ಲಿಂದ ಹಿಡಿಯಿರಿ.