ಎಫ್‌ಎಆರ್ ಕೇಳುವ ಮೊದಲು ಸೈಟಿನ ಅಳತೆ ನೋಡಿ

ಬೆಂಗಳೂರಿನ ಮೆಟ್ರೊ ಮಾರ್ಗದ ಅಕ್ಕಪಕ್ಕದ ಬಡಾವಣೆಗಳಲ್ಲಿ ಭೂಬಳಕೆ ಸರ್ವೆ ಮಾಡುವುದು ನನ್ನ ಕೆಲಸ. ಎಲ್ಲಿ ಬರೀ ವಾಸ, ಎಲ್ಲಿ ಕೆಳಗೆ ಅಂಗಡಿ ಮೇಲೆ ಮನೆ, ಯಾವ ಮಹಡಿಯಲ್ಲಿ ಟ್ಯೂಷನ್ ಎಂದು ನಕ್ಷೆಯಲ್ಲಿ ಗುರುತು ಹಾಕುತ್ತಾ ಹೋಗುತ್ತೇವೆ. ಹೋದಲ್ಲೆಲ್ಲ ಮನೆ ಮಾಲೀಕರ ಪ್ರಶ್ನೆ ಒಂದೇ: “ಮೇಡಂ, ಮೆಟ್ರೊ ಬಂತಲ್ಲ, ಇನ್ನೆಷ್ಟು ಫ್ಲೋರ್ ಏರಿಸಬಹುದು?”

ಆಸೆಗೆ ಆಧಾರವಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ), 2015ರ ಗುರಿ ಇಟ್ಟುಕೊಂಡು 2007ರಲ್ಲಿ ಮಂಜೂರಾದ ಮಾಸ್ಟರ್ ಪ್ಲಾನ್ ಮೆಟ್ರೊ ನಿಲ್ದಾಣದಿಂದ 150 ಮೀಟರ್ ಒಳಗಿನ ಆಸ್ತಿಗಳಿಗೆ 4ರವರೆಗೆ ಎಫ್‌ಎಆರ್ ಕೊಟ್ಟಿತು. ಎಫ್‌ಎಆರ್ ಎಂದರೆ ಎಲ್ಲ ಮಹಡಿ ಸೇರಿಸಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ. ಮೂವತ್ತು–ನಲವತ್ತರ ಸೈಟೆಂದರೆ 1,200 ಚದರಡಿ. ಲೆಕ್ಕದ ಪ್ರಕಾರ 4,800 ಚದರಡಿ ಕಟ್ಟಬಹುದು.

ಈಗ ಸೆಟ್‌ಬ್ಯಾಕಿಗೆ, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗಕ್ಕೆ ಬನ್ನಿ. ಅದೇ ಪ್ಲಾನಿನ ನಿಯಮಾವಳಿಯಲ್ಲಿ ಕಟ್ಟಡ ಹನ್ನೊಂದೂವರೆ ಮೀಟರ್ ದಾಟಿದರೆ ಸುತ್ತಲೂ 5 ಮೀಟರ್ ಬಿಡಬೇಕು. ಸೈಟಿನ ಅಗಲವೇ 30 ಅಡಿ, ಅಂದರೆ 9 ಮೀಟರ್. ಎರಡೂ ಬದಿ ಬಿಟ್ಟರೆ ಗೋಡೆ ಎಬ್ಬಿಸಲೂ ಜಾಗ ಉಳಿಯುವುದಿಲ್ಲ. ಪಕ್ಕದ ಸೈಟನ್ನು ಸೇರಿಸಿಕೊಂಡರೆ ಅಗಲವೇನೋ 18 ಮೀಟರ್ ಆಗುತ್ತದೆ, ಆದರೆ ಉದ್ದ 12 ಮೀಟರಿನಲ್ಲೇ ನಿಲ್ಲುತ್ತದೆ. ಹಿಂದು ಮುಂದು ಬಿಟ್ಟ ಮೇಲೆ ಉಳಿಯುವುದು ಎರಡೇ ಮೀಟರ್. ಹಾಗಾಗಿ ಹಿಂದಿನ ಕ್ರಾಸಿಗೆ ಮುಖ ಮಾಡಿರುವ ಎರಡು ಮನೆಯವರೂ ಒಪ್ಪಬೇಕು. ನಾಲ್ಕೂ ಸೈಟು ಸೇರಿದರೂ ಕಟ್ಟಲು ಸಿಗುವುದು ಕಾಲು ಭಾಗಕ್ಕಿಂತ ತುಸು ಹೆಚ್ಚು. ಅಷ್ಟರಲ್ಲಿ 4 ಎಫ್‌ಎಆರ್ ಮುಟ್ಟಲು ಹದಿನೈದು ಮಹಡಿ ಬೇಕು, ಅಷ್ಟೆತ್ತರಕ್ಕೆ ಸೆಟ್‌ಬ್ಯಾಕ್ ಇನ್ನೂ ಹೆಚ್ಚು.

ಕಾಗದದ ಮೇಲಿನ ಈ ಹಕ್ಕು ಸಣ್ಣ ಸೈಟಿನವರ ಕೈಗೆ ಬರುವುದೇ ಇಲ್ಲ. ಸಾಲು ಸಾಲು ಮನೆ ಕೊಳ್ಳುವ ಶಕ್ತಿ ಇರುವವರಿಗೆ ಮಾತ್ರ ಅದು ಬಳಕೆಗೆ ಬರುತ್ತದೆ. ನನ್ನನ್ನು ತುಂಬಾ ಕಾಡುವ ವಿಷಯ ಇದು.

ನೆಲಮಹಡಿಯದ್ದು ಇನ್ನೊಂದು ತೊಡಕು. ಬೀದಿ ಬೀದಿಯಂತಿರುವುದು ಕೆಳಗಿನ ಅಂಗಡಿಗಳಿಂದ. ಹಳೇ ಮನೆಯ ಕಾರ್ ಶೆಡ್ಡಿನಲ್ಲಿ ಟೈಲರ್ ಒಬ್ಬರು ಮೆಷಿನ್ ಇಟ್ಟುಕೊಂಡಿರುತ್ತಾರೆ, ಪಕ್ಕದಲ್ಲಿ ಜೆರಾಕ್ಸ್, ಅದರಾಚೆ ಹಿಟ್ಟಿನ ಗಿರಣಿ. ಹೊಸದಾಗಿ ಕಟ್ಟುವಾಗ ಪಾರ್ಕಿಂಗ್ ತೋರಿಸದೆ ಪ್ಲಾನ್ ಸ್ಯಾಂಕ್ಷನ್ ಆಗುವುದಿಲ್ಲ. ಹೀಗಾಗಿ ಆ ಜಾಗವೆಲ್ಲ ಸ್ಟಿಲ್ಟ್ (ಕಂಬಗಳ ನಡುವೆ ಕಾರು ನಿಲ್ಲಿಸುವ ತೆರೆದ ನೆಲಮಹಡಿ) ಆಗಿ, ಬೀದಿಗೆ ಗೇಟು, ಕಂಬ, ನಿಂತ ಕಾರುಗಳಷ್ಟೇ ಕಾಣುತ್ತವೆ. ಮೆಟ್ರೊ ಕೂಗಳತೆಯಲ್ಲಿದ್ದರೂ ಅಂಗಡಿಯ ಜಾಗ ಕಾರಿಗೆ ಹೋಗುತ್ತದೆ. ಕೇಂದ್ರದ 2017ರ ಟಿಒಡಿ (ಸಾರಿಗೆ ನಿಲ್ದಾಣ ಆಧಾರಿತ ಅಭಿವೃದ್ಧಿ) ನೀತಿ ನಿಲ್ದಾಣದ ಸುತ್ತ ಪಾರ್ಕಿಂಗ್ ಕಡಿಮೆ ಮಾಡಿ ಎಂದೇ ಹೇಳುತ್ತದೆ. ಕರ್ನಾಟಕ ಸರ್ಕಾರವೂ 2022ರಲ್ಲಿ ಬೆಂಗಳೂರಿಗೆ ಟಿಒಡಿ ನೀತಿಯನ್ನು ಒಪ್ಪಿಕೊಂಡಿದೆ.

ಮಿಶ್ರ ಬಳಕೆ ನಮಗೇನೂ ಹೊಸದಲ್ಲ. ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಗೋಡೆಗೆ ಗೋಡೆ ಅಂಟಿಸಿ, ಕೆಳಗೆ ವ್ಯಾಪಾರ ಮೇಲೆ ಸಂಸಾರ ಎಂದು ತಲೆಮಾರುಗಳಿಂದ ಬದುಕಿದ್ದಾರೆ. ಗಾಳಿ–ಬೆಳಕು, ಬೆಂಕಿ ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ಆದರೆ ನಿಲ್ದಾಣದ ಹತ್ತಿರದ ಸಣ್ಣ ಸೈಟುಗಳಿಗೆ ಅಕ್ಕಪಕ್ಕದ ಗೋಡೆ ಸೇರಿಸಿ ನಾಲ್ಕೈದು ಮಹಡಿ ಕಟ್ಟಲು ಬಿಟ್ಟು, ಪಾರ್ಕಿಂಗ್ ಕಡ್ಡಾಯ ತೆಗೆದರೆ, 4 ಎಫ್‌ಎಆರ್ ಎಂಬ ಸಂಖ್ಯೆ ಮಾಡದ ಕೆಲಸವನ್ನು ಅದು ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಕೊಡುವುದು ಟೇಪು. ಸೈಟಿನ ಅಗಲ, ಉದ್ದ, ಮುಂದಿನ ರಸ್ತೆಯ ಅಳತೆ, ಹಿಂದಿನ ಸೈಟಿನ ಬಾಗಿಲು ಯಾವ ಕಡೆ, ನೆಲಮಹಡಿಯಲ್ಲಿ ಈಗ ಏನು ನಡೆಯುತ್ತಿದೆ ಎಂಬುದನ್ನೆಲ್ಲ ಬರೆದುಕೊಂಡು ಬರಬೇಕು. ಎಫ್‌ಎಆರ್ ಕಾಲಂ ತುಂಬಿಸುವುದು ಆಮೇಲೆ, ಆಫೀಸಿನಲ್ಲಿ.