ಕೈಗೆ ಬಂದದ್ದಲ್ಲ, ಪ್ಯಾಸೆಂಜರ್ ಕೊಟ್ಟದ್ದು

ಮಡಿಕೇರಿಯಲ್ಲಿ ನನ್ನದೊಂದು ಹಳದಿ ಬೋರ್ಡ್ ಗಾಡಿ ಇದೆ. ಹೋಂಸ್ಟೇಯವರು ಫೋನ್ ಮಾಡಿದರೆ ತಲಕಾವೇರಿ, ಅಬ್ಬಿ ಫಾಲ್ಸ್, ದುಬಾರೆ ಅಂತ ಸುತ್ತಿಸಿಕೊಂಡು ಬರುತ್ತೇನೆ. ಮೈಸೂರು, ಬೆಂಗಳೂರಿನ ಬಾಡಿಗೆ ಜಾಸ್ತಿ ಆ್ಯಪ್‌ನಲ್ಲೇ ಸಿಗುತ್ತದೆ. ಇನ್‌ಕಮ್ ಟ್ಯಾಕ್ಸ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೇ ನಮ್ಮ ಸ್ಟ್ಯಾಂಡಿನಲ್ಲಿ ಇನ್ನೂ ಮೂವರು ಮಾಡಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

2024ರ ಜುಲೈ ಕೊನೆಯ ವಾರ. ರಿಟರ್ನ್ ಹಾಕಲು 31ನೇ ತಾರೀಖು ಕೊನೆ. ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿದ ವಾರವೇ ಅದು. ಇಲ್ಲೂ ಕಕ್ಕಡ ತಿಂಗಳ ಮಳೆ ಹೊಡೆಯುತ್ತಿತ್ತು, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಜನರೇಟರ್ ಇದ್ದ ಒಂದು ಕಂಪ್ಯೂಟರ್ ಅಂಗಡಿಗೆ ಓಡಿದೆ. ಅಲ್ಲಿನ ಹುಡುಗ "ಅಣ್ಣಾ, ವರ್ಷಕ್ಕೆ ಎಷ್ಟು ಬಂತು?" ಅಂದ. ಪಾಸ್‌ಬುಕ್ ನೋಡಿ ಆ್ಯಪ್‌ನಿಂದ ಬಂದ 5,20,000 ರೂಪಾಯಿ ಹೇಳಿದೆ. ಹೋಂಸ್ಟೇ ಬಾಡಿಗೆಯ ನಗದನ್ನು ಹೇಳಲೇ ಇಲ್ಲ. ಅದೂ ಲೆಕ್ಕಕ್ಕೆ ಬರುತ್ತದೆ ಅನ್ನೋದು ನನ್ನ ತಲೆಯಲ್ಲೇ ಇರಲಿಲ್ಲ.

ಅಕ್ಟೋಬರ್‌ನಲ್ಲಿ ನೋಟಿಸ್ ಬಂತು. ನಿಮ್ಮ ರಿಟರ್ನ್ ದೋಷಪೂರಿತ, 15 ದಿನದಲ್ಲಿ ಸರಿಪಡಿಸಿ ಅಂತ. ಮಗಳು ಇಮೇಲ್ ನೋಡುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಆಡಿಟರ್ ಮೇಡಂ ಹತ್ತಿರ ಹೋದೆ. ಅವರು ನನ್ನ 26ಎಎಸ್ ಅನ್ನೋ ತೆರಿಗೆ ಪಟ್ಟಿ ತೆಗೆದು ತೋರಿಸಿದರು. ನಮಗೆ ಕೊಡುವ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಅಂದರೆ ಟಿಡಿಎಸ್, ಯಾರು ಎಷ್ಟು ಹಿಡಿದಿದ್ದಾರೆ ಅಂತ ಅದರಲ್ಲಿ ಇರುತ್ತದೆ. ಆ್ಯಪ್‌ನವರು ತೋರಿಸಿದ ಮೊತ್ತ 6,40,000, ನಾನು ತೋರಿಸಿದ್ದು 5,20,000. ಹಿಡಿದ ಟಿಡಿಎಸ್ 6,400.

"ನಿಮಗೆಷ್ಟು ಬಂತು ಅಂತಲ್ಲ, ಪ್ಯಾಸೆಂಜರ್ ಎಷ್ಟು ಕೊಟ್ಟರು ಅಂತ ಹೇಳಬೇಕು" ಅಂದರು.

ಮೊಬೈಲ್ ತೆಗೆದು ಒಂದು ಮೈಸೂರು ಬಾಡಿಗೆ ನೋಡಿದೆವು. ಪ್ಯಾಸೆಂಜರ್ ಕೊಟ್ಟದ್ದು 3,200. ಕಮಿಷನ್ 600. ಖಾತೆಗೆ ಬಿದ್ದದ್ದು 2,600. ನನ್ನ ವಹಿವಾಟು 3,200. ಕಮಿಷನ್ ಅನ್ನೋದು ಡೀಸೆಲ್ ಇದ್ದ ಹಾಗೆ, ನನ್ನ ಖರ್ಚು. ಆ್ಯಪ್ ಬಾಡಿಗೆಯಲ್ಲಿ ಪ್ಯಾಸೆಂಜರ್ ನೇರ ಕೈಗೆ ನಗದು ಕೊಟ್ಟರೂ ಅದು ಆ್ಯಪ್ ಮೂಲಕ ಬಂದದ್ದೇ ಅಂತ ಕಾನೂನು ಎಣಿಸುತ್ತದೆ.

ಹೋಂಸ್ಟೇ ನಗದು 1,80,000 ಸೇರಿಸಿದಾಗ ಒಟ್ಟು 8,20,000 ಆಯಿತು. 1961ರ ಆದಾಯ ತೆರಿಗೆ ಕಾನೂನಿನಲ್ಲಿ ನಮ್ಮಂಥವರಿಗೆ 44ಎಡಿ ಸೆಕ್ಷನ್ ಅಂತ ಸುಲಭದ ದಾರಿ ಇತ್ತು, ರಿಟರ್ನ್ ಫಾರಂ ಐಟಿಆರ್-4. ನಗದು ವಹಿವಾಟಿನ 8%, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದರ 6% ಕನಿಷ್ಠ ಲಾಭ ಅಂತ ತೋರಿಸಿದರೆ ದೊಡ್ಡ ಲೆಕ್ಕಪುಸ್ತಕ ಬೇಡ. ತೋರಿಸಿದ ಆ ಲಾಭದಿಂದ ಡೀಸೆಲ್, ರಿಪೇರಿ, ಸಾಲದ ಬಡ್ಡಿ ಅಂತ ಮತ್ತೆ ಕಳೆಯುವ ಹಾಗೂ ಇಲ್ಲ. ಲಾರಿ, ಪಿಕಪ್‌ನವರ 44ಎಇ ಬೇರೆ. ಅದು ಸರಕು ಗಾಡಿಗೆ ಮಾತ್ರ, ಟ್ಯಾಕ್ಸಿಗೆ ಅಲ್ಲ.

ಆ ಲೆಕ್ಕದಲ್ಲಿ ನನ್ನ ಕನಿಷ್ಠ ಲಾಭ 52,800 ಆಗುತ್ತಿತ್ತು. ನಾನು ಅಷ್ಟನ್ನೇ ತೋರಿಸಲಿಲ್ಲ. ವರ್ಷಕ್ಕೆ 52,800ರಲ್ಲಿ ನಾಲ್ಕು ಜನರ ಮನೆ ನಡೆಯುತ್ತದಾ? ಖರ್ಚೆಲ್ಲ ಕೂಡಿ ಕಳೆದು ನೋಡಿದರೆ ನಿಜವಾಗಿ ಉಳಿದದ್ದು 2,60,000. ಅದನ್ನೇ ತೋರಿಸಿದೆ. ಆಗಿನ 3 ಲಕ್ಷದ ಮಿತಿಯೊಳಗೇ ಇತ್ತು, ತೆರಿಗೆ ಸೊನ್ನೆ. ಹಿಡಿದಿದ್ದ 6,400 ಪೂರ್ತಿ ವಾಪಸ್ ಬಂತು. ಅದಕ್ಕೆ ಒಂದು ಟೈರ್ ಹಾಕಿಸಿದೆ.

2024ರ ಅಕ್ಟೋಬರ್ 1ರಿಂದ ಈ ಟಿಡಿಎಸ್ 1% ಇದ್ದದ್ದು 0.1% ಆಗಿದೆ. 2025-26ರ ಆದಾಯಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಬರುವುದಿಲ್ಲ. "ಹಾಗಾದ್ರೆ ಸುಮ್ನೆ ಯಾಕೆ ರಿಟರ್ನ್?" ಅಂತ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ತೆರಿಗೆ ಸೊನ್ನೆಯಾದರೂ ಆದಾಯ 4 ಲಕ್ಷ ದಾಟಿದರೆ ಹಾಕಲೇಬೇಕು. ಅದಕ್ಕಿಂತ ಕಡಿಮೆ ಇದ್ದರೂ ಹಾಕಿ ಅನ್ನುತ್ತೇನೆ ನಾನು. ಹೊಸ ಗಾಡಿಗೆ ಸಾಲ ಕೇಳಿದರೆ ಬ್ಯಾಂಕಿನವರು ಮೊದಲು ಕೇಳುವುದೇ ಅದನ್ನು. ನಮ್ಮ ಘಾಟಿ ರಸ್ತೆಯಲ್ಲಿ ಏನಾದರೂ ಆದರೆ, ಪರಿಹಾರದ ಕೇಸಿನಲ್ಲಿ ನಮ್ಮ ದುಡಿಮೆ ಎಷ್ಟು ಅಂತ ಹೆಂಡತಿ ಮಕ್ಕಳು ತೋರಿಸಬೇಕಾಗುತ್ತದೆ. ಆಗ ಕೈಯಲ್ಲಿ ಏನಿರುತ್ತದೆ?

ಈಗ ಡ್ಯಾಶ್‌ಬೋರ್ಡಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ಯಾಸೆಂಜರ್ ಕೊಟ್ಟದ್ದು, ಕಮಿಷನ್, ಡೀಸೆಲ್, ನಗದೋ ಯುಪಿಐಯೋ ಅಂತ ನಾಲ್ಕು ಗೆರೆ. ರಾತ್ರಿ ಗಾಡಿ ನಿಲ್ಲಿಸಿ, ಲೈಟ್ ಆರಿಸುವ ಮುಂಚೆ ಬರೆಯುತ್ತೇನೆ. ಮಾರ್ಚ್‌ವರೆಗಿನ ಟಿಡಿಎಸ್ ವಿವರವನ್ನು ಆ್ಯಪ್‌ನವರು ಮೇ ಕೊನೆಯೊಳಗೆ ತೆರಿಗೆ ಇಲಾಖೆಗೆ ಕೊಡಬೇಕು. ಅದು 26ಎಎಸ್‌ಗೆ ಬಂತಾ ಅಂತ ಜೂನ್‌ನಲ್ಲಿ ನೋಡಿ, ನೋಟ್‌ಬುಕ್ ಜೊತೆ ತಾಳೆ ಹಾಕಿ, ಮಳೆ ಜೋರಾಗುವ ಮುಂಚೆಯೇ ಮೇಡಂಗೆ ಕೊಟ್ಟು ಬರುತ್ತೇನೆ.